ಹಳೆ ಪಿಕಪ್ ಕೈಕೊಟ್ಟಾಗ: ಕಲಬುರಗಿಯ ಬಿಸಿಲು, ಧೂಳು, ಸವಳು ನೀರಿಗೆ ತಕ್ಕ ರಿಪೇರಿ ಕ್ರಮ

ತೊಗರಿ ಸುಗ್ಗಿಯಲ್ಲಿ ಕಲಬುರಗಿಯ ನೆಹರು ಗಂಜ್ (ಧಾನ್ಯ ಮಾರುಕಟ್ಟೆ) ಕಡೆ ಹೋದರೆ ಈ ಭಾಗದ ಹಳೆ ಪಿಕಪ್‌ಗಳೆಲ್ಲ ಒಂದೇ ಕಡೆ ಸಿಗುತ್ತವೆ. ಟಾಟಾ 207, ಮೂತಿ ಚಪ್ಪಟೆಯಾದ ಹಳೆ ಬೊಲೆರೊ ಪಿಕಪ್, ನಡುನಡುವೆ ಏಸ್. ನಂಬರ್ ಪ್ಲೇಟಿನಲ್ಲಿ ಕಲಬುರಗಿಯ ಕೆಎ-32 ಹೆಚ್ಚು, ಯಾದಗಿರಿಯ ಕೆಎ-33, ಬೀದರಿನ ಕೆಎ-38 ಕೂಡ ಸಾಕಷ್ಟು. ಹತ್ತು-ಹದಿನೈದು ವರ್ಷ ದುಡಿದ ಗಾಡಿ ಒಂದು ದಿನ ನಿಂತರೆ ಸಾಕು, ಸುತ್ತ ನಿಂತವರು "ಇಂಜಿನ್ ಹೋಯ್ತು ನೋಡ್ರಿ" ಎಂದು ಷರಾ ಬರೆದುಬಿಡುತ್ತಾರೆ. ಇಂಜಿನ್ ಅಷ್ಟು ಸುಲಭಕ್ಕೆ ಹೋಗುವುದಿಲ್ಲ. ನಮ್ಮ ಕಡೆ ಗಾಡಿ ಕೆಡಿಸುವುದು ಬಿಸಿಲು, ಧೂಳು, ಸವಳು ನೀರು ಮತ್ತು ಓವರ್‌ಲೋಡ್. ಇವುಗಳಿಂದ ಬರುವ ತೊಂದರೆಯಲ್ಲಿ ಹೆಚ್ಚಿನವು ಪಾರ್ಟ್ ಕೊಳ್ಳದೆಯೇ ಪತ್ತೆಯಾಗುತ್ತವೆ. ಹಾಗಾಗಿ ಇಲ್ಲಿ ಹೇಳುವ ಕ್ರಮ ಒಂದೇ: ಪುಕ್ಕಟೆ ಚೆಕ್ ಮೊದಲು, ನೂರು ರೂಪಾಯಿಯದು ಆಮೇಲೆ, ಸಾವಿರದ್ದು ಕೊನೆಗೆ.

ಬರೆದಿರುವುದು ಮುಖ್ಯವಾಗಿ ಮೆಕ್ಯಾನಿಕಲ್ ಪಂಪಿನ ಹಳೆ ಡೀಸೆಲ್ ಗಾಡಿಗಳಿಗೆ. ಕಾಮನ್ ರೈಲ್ (ಕಂಪ್ಯೂಟರ್ ಹಿಡಿತದಲ್ಲಿ ಭಾರಿ ಒತ್ತಡದಿಂದ ಡೀಸೆಲ್ ಕೊಡುವ ಹೊಸ ವ್ಯವಸ್ಥೆ) ಇದ್ದವರು ಎಲ್ಲಿ ಕೈ ಹಾಕಬಾರದು ಎಂಬುದನ್ನು ಅಲ್ಲಲ್ಲೇ ಹೇಳಿದ್ದೇನೆ.

ಕೈಗೆ ಸಿಗುವಂತೆ ಇರಬೇಕಾದದ್ದು

10, 12, 13, 14, 17, 19ರ ಪಾನಾ, ಒಂದು ಮಲ್ಟಿಮೀಟರ್ (ವೋಲ್ಟ್ ಅಳೆಯುವ ಮೀಟರ್), ಎರಡು ತುದಿಗೆ ವೈರ್ ಕಟ್ಟಿದ 12 ವೋಲ್ಟಿನ ಬಲ್ಬು, ಟಾರ್ಚ್, ಒಂದು ಅಡಿಯಷ್ಟು ಪಾರದರ್ಶಕ ಡೀಸೆಲ್ ಪೈಪ್, ಗಾಲಿಗೆ ಕೊಡಲು ಎರಡು ಕಟ್ಟಿಗೆ ತುಂಡು. ಮಲ್ಟಿಮೀಟರಿಗೆ ಕೆಲವು ನೂರು ರೂಪಾಯಿ ಸಾಕು. ಅದಿಲ್ಲದೆ ಕರೆಂಟ್ ಕೆಲಸಕ್ಕೆ ಕೈ ಹಾಕಿದರೆ ಎಲ್ಲವೂ ಅಂದಾಜೇ.

ಜಾಕಿನ ಬಗ್ಗೆ ಒಂದು ಮಾತು. ಎರೆಮಣ್ಣಿನಲ್ಲಿ ಜಾಕ್ ನಿಲ್ಲುವುದಿಲ್ಲ. ಮೇಲೆ ಒಣಗಿದ ಹೆಂಟೆ ಗಟ್ಟಿ ಕಂಡರೂ ಭಾರ ಬಿದ್ದ ಮೇಲೆ ಒಂದು ಮಗ್ಗುಲಿಗೆ ಜಾರುತ್ತದೆ. ಕೆಳಗೆ ದಪ್ಪ ಹಲಗೆ ಇಡಿ. ಶಹಾಬಾದ್ ಪರ್ಸಿ (ನೆಲಹಾಸು ಕಲ್ಲು) ತುಂಡು ಎಲ್ಲೆಲ್ಲೂ ಸಿಗುತ್ತದೆಂದು ಅದನ್ನೇ ಇಡುವವರಿದ್ದಾರೆ. ಅದು ಪದರು ಕಲ್ಲು, ಒತ್ತಡಕ್ಕೆ ಫಟ್ಟನೆ ಒಡೆಯುತ್ತದೆ. ಬರೀ ಜಾಕಿನ ಮೇಲೆ ನಿಂತ ಗಾಡಿಯ ಕೆಳಗೆ ತೂರಬೇಡಿ. ಸ್ಟ್ಯಾಂಡ್ ಇಲ್ಲದಿದ್ದರೆ ಸ್ಟೆಪ್ನಿ ಗಾಲಿಯನ್ನಾದರೂ ಚಾಸಿಯ ಕೆಳಗೆ ಮಲಗಿಸಿ.

ಸೆಲ್ಫ್ ಹೊಡೆಯದಿದ್ದರೆ

ಸೆಲ್ಫ್ ಅಂದರೆ ಇಂಜಿನ್ನನ್ನು ತಿರುಗಿಸಿ ಸ್ಟಾರ್ಟ್ ಮಾಡುವ ಮೋಟಾರ್. ಕೀ ತಿರುಗಿಸಿದಾಗ ಏನು ಕೇಳಿಸುತ್ತದೆ ಎಂಬುದರಲ್ಲೇ ಅರ್ಧ ಉತ್ತರ ಇರುತ್ತದೆ. ಟಕಟಕಟಕ ಎಂದು ಒಂದೇ ಸಮ ಬಡಿದುಕೊಂಡರೆ ಕರೆಂಟ್ ಸಾಲುತ್ತಿಲ್ಲ. ಒಂದೇ ಸಲ ಟಕ್ ಎಂದು ಸುಮ್ಮನಾದರೆ ಸೆಲ್ಫ್ ಮೋಟಾರ್ ಅಥವಾ ಅದರ ಸೊಲೆನಾಯ್ಡ್ (ಮೋಟಾರಿಗೆ ಕರೆಂಟ್ ಬಿಡುವ ಸ್ವಿಚ್) ಮೇಲೆ ಅನುಮಾನ. ಏನೂ ಸದ್ದಿಲ್ಲ ಎಂದರೆ ಫ್ಯೂಸ್, ಕೀ ಸ್ವಿಚ್, ಸೊಲೆನಾಯ್ಡಿಗೆ ಬರುವ ಸಣ್ಣ ವೈರ್ ನೋಡಿ.

ಮೊದಲು ಬ್ಯಾಟರಿ. ರಾತ್ರಿಯಿಡೀ ನಿಂತ ಗಾಡಿಯಲ್ಲಿ ಮೀಟರ್ 12.6 ವೋಲ್ಟ್ ತೋರಿಸಿದರೆ ಪೂರ್ತಿ ಚಾರ್ಜ್, 12.2 ಅಂದರೆ ಅರ್ಧ, 11.8ರ ಹತ್ತಿರ ಬಂದರೆ ಖಾಲಿ. ಈಗ ಮೀಟರ್ ಹಾಗೇ ಹಿಡಿದು ಇನ್ನೊಬ್ಬರಿಗೆ ಸೆಲ್ಫ್ ಹೊಡೆಯಲು ಹೇಳಿ. ಆಗ ಓದು 9.6ಕ್ಕಿಂತ ಕೆಳಗೆ ಕುಸಿದರೆ ಹೆಚ್ಚಾಗಿ ಬ್ಯಾಟರಿಯದೇ ತಪ್ಪು. ಕುಸಿಯದೆಯೂ ಸೆಲ್ಫ್ ನಿಧಾನ ತಿರುಗಿದರೆ ಬ್ಯಾಟರಿ ಬದಲಿಸುವ ಮಾತೇ ಬೇಡ, ಅರ್ಥ್ (ಬ್ಯಾಟರಿಯ ಮೈನಸ್‌ಗೆ ಕರೆಂಟ್ ಹಿಂದಿರುಗುವ ದಾರಿ) ನೋಡಬೇಕು.

ಅರ್ಥ್ ನೋಡುವ ಬಗೆ ಹೀಗೆ. ಮೀಟರಿನ ಒಂದು ಕಡ್ಡಿ ಬ್ಯಾಟರಿಯ ಮೈನಸ್ ಕಂಬಕ್ಕೆ, ಇನ್ನೊಂದು ಇಂಜಿನ್ನಿನ ಬರಿಯ ಲೋಹಕ್ಕೆ. ಸೆಲ್ಫ್ ಹೊಡೆಯುವಾಗ ಅರ್ಧ ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಆ ದಾರಿಯಲ್ಲೆಲ್ಲೋ ತುಕ್ಕು ಕೂತಿದೆ. ಇಂಜಿನ್ನಿನಿಂದ ಚಾಸಿಗೆ ಬರುವ ಹೆಣೆದ ಪಟ್ಟಿಯನ್ನು ಬಿಚ್ಚಿ ನೋಡಿ: ಮೇಲೆ ಗಟ್ಟಿ ಕಂಡರೂ ಬೋಲ್ಟಿನ ಕೆಳಗೆ ಹಸಿರು ಪುಡಿ, ಅದರ ಕೆಳಗೆ ಪೇಂಟು, ಪೇಂಟಿನ ಕೆಳಗೆ ಕಂದು ತುಕ್ಕು. ಉಪ್ಪುಕಾಗದದಿಂದ ಲೋಹ ಹೊಳೆಯುವವರೆಗೆ ತಿಕ್ಕಿ, ಬಿಗಿದು, ಮೇಲೆ ಸ್ವಲ್ಪ ಗ್ರೀಸ್ ಸವರಿ. ಹೆಡ್‌ಲೈಟ್ ಮಂಕು, ಇಂಡಿಕೇಟರ್ ಹಾಕಿದರೆ ಮೀಟರ್ ಮುಳ್ಳು ಕುಣಿಯುವುದು, ಇಂಥ ಚಿಲ್ಲರೆ ಕಾಟಗಳಲ್ಲಿ ಅನೇಕವು ಇದೊಂದರಿಂದಲೇ ಹೋಗುತ್ತವೆ.

ಗಾಡಿ ಸ್ಟಾರ್ಟ್ ಆದ ಮೇಲೆ ಬ್ಯಾಟರಿಯ ಮೇಲೆ 13.8ರಿಂದ 14.4 ವೋಲ್ಟ್ ಬರಬೇಕು. ಕಡಿಮೆ ಬಂದರೆ ಮೊದಲು ಬೆಲ್ಟ್, ಆಮೇಲೆ ಡೈನಮೋ. 15ರ ಹತ್ತಿರ ಹೋಗುತ್ತಿದ್ದರೆ ರೆಗ್ಯುಲೇಟರ್ ಕೆಟ್ಟಿದೆ, ಬೇಸಿಗೆಯಲ್ಲಿ ಅದು ಬ್ಯಾಟರಿಯ ನೀರನ್ನೆಲ್ಲ ಕುದಿಸಿಬಿಡುತ್ತದೆ. ಫ್ಯೂಸ್ ಪದೇಪದೇ ಸುಟ್ಟರೆ ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದ ಸುತ್ತುವ ಚಾಳಿ ಇದೆಯಲ್ಲ, ಅದನ್ನು ಬಿಡಿ. ಸುಡಬೇಕಾದ ಫ್ಯೂಸ್ ಸುಡದಿದ್ದರೆ ವೈರಿಂಗ್ ಸುಡುತ್ತದೆ.

ಸೆಲ್ಫ್ ತಿರುಗುತ್ತದೆ, ಇಂಜಿನ್ ಹಿಡಿಯುವುದಿಲ್ಲ

ಡೀಸೆಲ್ ಇದೆಯೇ ಎಂದು ಕೇಳಿದರೆ ಸಿಟ್ಟಾಗಬೇಡಿ. ಹಳೆ ಗಾಡಿಯ ಗೇಜು ಸುಳ್ಳು ಹೇಳುತ್ತದೆ. ಟ್ಯಾಂಕಿಗೆ ಕಡ್ಡಿ ಇಳಿಸಿ ನೋಡಿ. ಅದಾದ ಮೇಲೆ ಇಂಜಿನ್ ಬಂದ್ ಮಾಡುವ ಸ್ಟಾಪ್ ಕೇಬಲ್ ಪೂರ್ತಿ ಹಿಂದಕ್ಕೆ ಬಂದಿದೆಯೇ ನೋಡಿ. ಪಂಪಿನ ಮೇಲೆ ಸ್ಟಾಪ್ ಸೊಲೆನಾಯ್ಡ್ ಇರುವ ಗಾಡಿಯಾದರೆ ಕೀ ಆನ್ ಮಾಡಿದಾಗ ಸಣ್ಣಗೆ ಕಿಟ್ ಎನ್ನಬೇಕು. ಎನ್ನದಿದ್ದರೆ ಆ ವೈರಿಗೆ 12 ವೋಲ್ಟ್ ಬರುತ್ತಿದೆಯೇ ಬಲ್ಬು ಹಿಡಿದು ನೋಡಿ.

ಇವೆರಡೂ ಸರಿ ಇದ್ದರೆ ಡೀಸೆಲ್ ದಾರಿಯಲ್ಲಿ ಏರ್ (ಗಾಳಿ) ಹಿಡಿದಿರಬೇಕು. ಬಿಡಿಸುವ ಕ್ರಮ:

1. ಫಿಲ್ಟರಿನ ತಳದ ಡ್ರೈನ್ ಸಡಿಲಿಸಿ ಒಂದು ಬಾಟಲಿಗೆ ಸ್ವಲ್ಪ ಡೀಸೆಲ್ ಇಳಿಸಿ. ತಳದಲ್ಲಿ ನೀರು ಬೇರೆಯಾಗಿ ನಿಂತರೆ ಸ್ವಚ್ಛ ಡೀಸೆಲ್ ಬರುವವರೆಗೆ ಬಿಡಿ.
2. ಫಿಲ್ಟರ್ ತಲೆಯ ಬ್ಲೀಡ್ ಸ್ಕ್ರೂ ಸಡಿಲಿಸಿ ಹ್ಯಾಂಡ್ ಪಂಪ್ ಒತ್ತುತ್ತ ಹೋಗಿ. ಮೊದಲು ನೊರೆ, ಆಮೇಲೆ ಗುಳ್ಳೆ, ಕೊನೆಗೆ ಬರೀ ಡೀಸೆಲ್. ಡೀಸೆಲ್ ಹರಿಯುತ್ತಿರುವಾಗಲೇ ಸ್ಕ್ರೂ ಬಿಗಿಯಿರಿ.
3. ಪಂಪಿನ ಮೇಲೂ ಬ್ಲೀಡ್ ಸ್ಕ್ರೂ ಇದ್ದರೆ ಅಲ್ಲಿಯೂ ಹಾಗೆಯೇ.
4. ಸೆಲ್ಫ್ ಹೊಡೆಯಿರಿ. ಒಂದು ಸಲಕ್ಕೆ 15 ಸೆಕೆಂಡಿಗಿಂತ ಹೆಚ್ಚು ಬೇಡ, ನಡುವೆ ಒಂದು ನಿಮಿಷ ಮೋಟಾರ್ ತಣಿಯಲಿ.
5. ಆಗಲೂ ಹಿಡಿಯದಿದ್ದರೆ ಮೆಕ್ಯಾನಿಕಲ್ ಪಂಪಿನ ಗಾಡಿಯಲ್ಲಿ ಮಾತ್ರ ಒಂದೆರಡು ನಾಝಲ್ ಪೈಪಿನ (ಪಂಪಿನಿಂದ ಸಿಲಿಂಡರಿಗೆ ಡೀಸೆಲ್ ಒಯ್ಯುವ ಪೈಪ್) ನಟ್ ಅರ್ಧ ಸುತ್ತು ಸಡಿಲಿಸಿ, ಸೆಲ್ಫ್ ಹೊಡೆದು, ಡೀಸೆಲ್ ಚಿಮ್ಮಿದೊಡನೆ ಬಿಗಿಯಿರಿ. ಮುಖ, ಕೈ ದೂರ ಇರಲಿ.

ಕಾಮನ್ ರೈಲ್ ಗಾಡಿಯಲ್ಲಿ ಈ ಐದನೆಯದನ್ನು ಮಾಡಲೇಬೇಡಿ. ಆ ಪೈಪಿನಲ್ಲಿ ಒತ್ತಡ ಸಾವಿರ ಬಾರ್ ದಾಟುತ್ತದೆ. ಸೂಜಿ ಮೊನೆಯಷ್ಟು ಸಂದಿಯಿಂದ ಬಂದ ಡೀಸೆಲ್ ಚರ್ಮ ತೂರಿ ಒಳಗೆ ಹೋದರೆ ಬೆರಳೇ ಕಳೆದುಕೊಳ್ಳುವ ಪರಿಸ್ಥಿತಿ ಬರಬಹುದು.

ಏರ್ ಬಿಡಿಸಿದ ಮರುದಿನ ಬೆಳಿಗ್ಗೆ ಮತ್ತೆ ಅದೇ ಹಾಡು ಎಂದರೆ ಎಲ್ಲೋ ಗಾಳಿ ಎಳೆಯುತ್ತಿದೆ. ಇಲ್ಲಿ ಬಹಳ ಜನ ಎಡವುತ್ತಾರೆ, ಏಕೆಂದರೆ ನೆಲದ ಮೇಲೆ ಒಂದು ಹನಿ ಡೀಸೆಲ್ ಬಿದ್ದಿರುವುದಿಲ್ಲ. ಟ್ಯಾಂಕಿನಿಂದ ಫೀಡ್ ಪಂಪಿನವರೆಗಿನ ಪೈಪ್ ಎಳೆಯುವ ಪೈಪ್, ಅದರ ಬಿರುಕಿನಿಂದ ಡೀಸೆಲ್ ಹೊರಗೆ ಬರುವ ಬದಲು ಗಾಳಿ ಒಳಗೆ ಹೋಗುತ್ತದೆ. ಪಾರದರ್ಶಕ ಪೈಪ್ ತುಂಡನ್ನು ಆ ದಾರಿಯಲ್ಲಿ ಸೇರಿಸಿ ಗಾಡಿ ಚಾಲೂ ಇಟ್ಟು ನೋಡಿ, ಗುಳ್ಳೆ ಹೋಗುವುದು ಕಣ್ಣಿಗೇ ಕಾಣುತ್ತದೆ. ಆಮೇಲೆ ಒಂದೊಂದೇ ಜೋಡಣೆ ಹಿಂದಕ್ಕೆ ಹೋಗುತ್ತ ಹುಡುಕಿ. ಬಿಸಿಲಿಗೆ ಒಣಗಿ ಬಿರಿದ ರಬ್ಬರ್ ಪೈಪ್, ಸವೆದ ತಾಮ್ರದ ವಾಷರ್, ಇವೆರಡೇ ಹೆಚ್ಚಾಗಿ ಸಿಗುತ್ತವೆ.

"ಗಾಡಿ ಹೀಟ್ ಆಗ್ಲತದ್ರೀ"

ಏಪ್ರಿಲ್-ಮೇ ತಿಂಗಳಲ್ಲಿ ಇಲ್ಲಿನ ಗರಾಜುಗಳಲ್ಲಿ ಹೆಚ್ಚು ಕೇಳುವ ಮಾತು ಇದೇ. ಹೊರಗೆ 42-43 ಡಿಗ್ರಿ, ಹಿಂದೆ ತುಂಬಿದ ಲೋಡು, ಕಮಲಾಪುರ ದಾಟಿ ಹುಮನಾಬಾದ್ ಕಡೆಯ ಏರು. ರೇಡಿಯೇಟರಿನಲ್ಲಿ ಎಳ್ಳಷ್ಟು ದೋಷವಿದ್ದರೂ ಅಲ್ಲಿ ಬಯಲಾಗುತ್ತದೆ.

ಟೆಂಪರೇಚರ್ ಮುಳ್ಳು ಕೆಂಪಿಗೆ ಹೋದರೆ ಗಾಡಿ ಬದಿಗೆ ಹಚ್ಚಿ ಬಂದ್ ಮಾಡಿ. ಬಾನೆಟ್ ಎತ್ತಿ, ಕನಿಷ್ಠ ಅರ್ಧ ಗಂಟೆ ಬಿಡಿ. ಬಿಸಿ ಕ್ಯಾಪ್ ತೆರೆಯಬೇಡಿ, ಒಳಗಿನ ನೀರು ಒತ್ತಡದಲ್ಲಿ 100 ಡಿಗ್ರಿ ದಾಟಿರುತ್ತದೆ, ತೆರೆದ ಕ್ಷಣ ಹಬೆಯಾಗಿ ಮುಖಕ್ಕೆ ಬರುತ್ತದೆ. ಕಾದ ಇಂಜಿನ್ನಿಗೆ ಬಕೆಟ್‌ನಿಂದ ತಣ್ಣೀರು ಎರಚಿದರೆ ಹೆಡ್ ಬಿರಿಯಬಹುದು.

ತಣಿದ ಮೇಲೆ, ಯಾವಾಗ ಹೀಟ್ ಆಯಿತು ಎಂಬುದನ್ನು ನೆನಪಿಸಿಕೊಳ್ಳಿ. ಗಂಜಿನ ಸಾಲಿನಲ್ಲಿ ನಿಂತಾಗ, ನಿಧಾನ ಹೋಗುವಾಗ ಹೀಟ್ ಆಗಿ, ರಿಂಗ್ ರೋಡಿನಲ್ಲಿ ಗಾಳಿ ಸಿಕ್ಕಿದೊಡನೆ ಇಳಿಯುತ್ತಿದ್ದರೆ ಫ್ಯಾನ್ ಅಥವಾ ಫ್ಯಾನಿನ ಬೆಲ್ಟ್. ಖಾಲಿ ಗಾಡಿ ಸರಿ, ಲೋಡ್ ಹಾಕಿ ಏರಿಗೆ ಬಿಟ್ಟರೆ ಮಾತ್ರ ಹೀಟ್ ಎಂದರೆ ರೇಡಿಯೇಟರ್ ಕಟ್ಟಿದೆ. ತಣ್ಣಗಿನ ಗಾಡಿ ಹೊರಟ ಕೆಲವೇ ನಿಮಿಷಕ್ಕೆ ಮುಳ್ಳು ಮೇಲೇರಿದರೆ ನೀರು ಕಡಿಮೆ, ಇಲ್ಲವೇ ಥರ್ಮೋಸ್ಟ್ಯಾಟ್ (ಇಂಜಿನ್ ಬಿಸಿಯಾದಾಗ ರೇಡಿಯೇಟರಿಗೆ ನೀರಿನ ದಾರಿ ತೆರೆಯುವ ವಾಲ್ವ್) ಮುಚ್ಚಿಕೊಂಡೇ ಕೂತಿದೆ.

ಕಟ್ಟುವುದರಲ್ಲಿ ಎರಡು ಬಗೆ. ಹೊರಗಿನಿಂದ ಕಟ್ಟುವುದು ಧೂಳು, ತೊಗರಿ ಹೊಟ್ಟು, ಹುಳು. ಮುಂದಿನಿಂದ ಸ್ವಚ್ಛ ಕಂಡರೂ ಫ್ಯಾನಿನ ಕಡೆಯಿಂದ ಟಾರ್ಚ್ ಹಿಡಿದು ಮುಂದೆ ನಿಂತು ನೋಡಿ, ಬೆಳಕು ತೂರಿ ಬರದ ಜಾಗವೆಲ್ಲ ಕಟ್ಟಿದ್ದೇ. ನೀರನ್ನು ಇಂಜಿನ್ ಕಡೆಯಿಂದ ಹೊರಕ್ಕೆ ಬಿಡಬೇಕು, ಧೂಳು ಬಂದ ದಾರಿಯಲ್ಲೇ ಹಿಂದಿರುಗಲಿ. ವಾಷಿಂಗ್ ಸೆಂಟರಿನ ಜೋರಾದ ಪಿಚಕಾರಿ ಹತ್ತಿರ ಹಿಡಿದರೆ ತೆಳು ರೆಕ್ಕೆಗಳು ಮಡಚಿಕೊಂಡು ಮೊದಲಿಗಿಂತ ಕೆಡುತ್ತದೆ.

ಒಳಗಿನಿಂದ ಕಟ್ಟುವುದು ನಮ್ಮ ನೀರಿನ ಪ್ರಸಾದ. ಸೇಡಂ, ಚಿತ್ತಾಪುರ, ಶಹಾಬಾದ್ ಕಡೆಯದು ಸುಣ್ಣಕಲ್ಲಿನ ನೆಲ, ಸಿಮೆಂಟ್ ಕಾರ್ಖಾನೆಗಳು ಅಲ್ಲಿ ಬಂದದ್ದೇ ಅದಕ್ಕೆ. ಆ ಬೋರ್‌ವೆಲ್ ನೀರು ಕಾದಾಗ ಸುಣ್ಣ ಬಿಟ್ಟು ರೇಡಿಯೇಟರಿನ ಸಣ್ಣ ಕೊಳವೆಗಳಲ್ಲಿ ಪದರು ಕಟ್ಟುತ್ತದೆ. ಕ್ಯಾಪ್ ತೆರೆದು ಒಳಗಿನ ಕೊಳವೆಯ ಬಾಯಿಗಳನ್ನು ನೋಡಿ, ಬಿಳಿ ಇಲ್ಲವೇ ಕಂದು ಗಸಿ ಕೂತಿದ್ದರೆ ಫ್ಲಶ್ ಮಾಡಬೇಕು. ಹಳೆ ನೀರು ಇಳಿಸಿ, ರೇಡಿಯೇಟರ್ ಫ್ಲಶ್ ದ್ರಾವಣ ಹಾಕಿ ಬಾಟಲಿಯ ಮೇಲೆ ಹೇಳಿದಷ್ಟು ಹೊತ್ತು ಇಂಜಿನ್ ಓಡಿಸಿ, ತಣಿಸಿ, ಇಳಿಸಿ, ಸ್ವಚ್ಛ ನೀರು ಬರುವವರೆಗೆ ತೊಳೆಯಿರಿ. ಟಾಯ್ಲೆಟ್ ಆಸಿಡ್ ಸುರಿಯುವ ಶೂರರೂ ಇದ್ದಾರೆ. ಅಲ್ಯುಮಿನಿಯಂ ರೇಡಿಯೇಟರ್ ಇದ್ದರೆ ಸುಣ್ಣದ ಜೊತೆ ರೇಡಿಯೇಟರೂ ಕರಗುತ್ತದೆ. ಕೊನೆಗೆ ಕೂಲಂಟ್ ಮತ್ತು ಡಿಸ್ಟಿಲ್ಡ್ ವಾಟರ್ ಸಮಸಮ ಬೆರೆಸಿ ತುಂಬಿ. "ನಮ್ಮ ಕಡೆ ಹಿಮ ಬೀಳಲ್ಲ, ಕೂಲಂಟ್ ಯಾಕೆ" ಎಂಬ ವಾದ ಕೇಳಿದ್ದೇನೆ. ಕೂಲಂಟ್ ತುಕ್ಕು ತಡೆಯುತ್ತದೆ, ಕುದಿಯುವ ಮಟ್ಟ ಏರಿಸುತ್ತದೆ. ನಮಗೆ ಬೇಕಾದದ್ದೂ ಅದೇ.

ಎಲ್ಲರೂ ಮರೆಯುವ ಅಗ್ಗದ ಪಾರ್ಟ್ ರೇಡಿಯೇಟರ್ ಕ್ಯಾಪ್. ಸುಮಾರು 0.9 ಬಾರ್ ಒತ್ತಡ ಹಿಡಿಯುವ ಕ್ಯಾಪ್ ಇದ್ದರೆ ಬರೀ ನೀರು ಕೂಡ 118 ಡಿಗ್ರಿಯವರೆಗೆ ಕುದಿಯುವುದಿಲ್ಲ. ಅದರ ರಬ್ಬರ್ ಬಿರಿದರೆ 100ಕ್ಕೇ ಕುದಿ. ಕ್ಯಾಪ್ ಮೇಲೆ ಬರೆದ ಅಂಕಿ ನೋಡಿ ಅದೇ ಅಳತೆಯದು ತನ್ನಿ.

ಇನ್ನು ಥರ್ಮೋಸ್ಟ್ಯಾಟ್. "ವಾಲ್ವ್ ತೆಗದ್ ಒಗದ್ರ ಆತು" ಎಂಬ ಮಿಸ್ತ್ರಿಗಳ ಸಲಹೆಯನ್ನು ನಾನು ಒಪ್ಪುವುದಿಲ್ಲ. ತೆಗೆದರೆ ಇಂಜಿನ್ ಬೆಚ್ಚಗಾಗಲು ಬಹಳ ಹೊತ್ತು ಹಿಡಿದು ಡೀಸೆಲ್ ಹೆಚ್ಚು ಕುಡಿಯುತ್ತದೆ, ಸಿಲಿಂಡರ್ ಬೇಗ ಸವೆಯುತ್ತದೆ. ಬೈಪಾಸ್ ದಾರಿ ತೆರೆದೇ ಉಳಿಯುವ ಕೆಲವು ಇಂಜಿನ್ನುಗಳಲ್ಲಂತೂ ನೀರು ರೇಡಿಯೇಟರಿಗೆ ಹೋಗುವ ಬದಲು ಒಳಗೇ ಸುತ್ತಿ ಹೀಟ್ ಇನ್ನೂ ಹೆಚ್ಚುತ್ತದೆ. ತೆಗೆದದ್ದನ್ನು ಒಗೆಯುವ ಬದಲು ಪಾತ್ರೆಯ ನೀರಿನಲ್ಲಿ ದಾರ ಕಟ್ಟಿ ಇಳಿಬಿಟ್ಟು ಕಾಯಿಸಿ. ಅದರ ಮೈಮೇಲೆ ಒತ್ತಿದ ಡಿಗ್ರಿಗೆ, ಸಾಮಾನ್ಯವಾಗಿ 82ರ ಆಸುಪಾಸು, ಬಾಯಿ ಬಿಡತೊಡಗಬೇಕು. ನೀರು ಕುದಿದರೂ ಬಿಡದಿದ್ದರೆ ಹೊಸದು ಹಾಕಿ.

ಇಷ್ಟೆಲ್ಲ ಸರಿಯಿದ್ದೂ ನೀರು ಕಡಿಮೆಯಾಗುತ್ತಿದ್ದರೆ ಹೆಡ್ ಗ್ಯಾಸ್ಕೆಟ್ (ಇಂಜಿನ್ ಬ್ಲಾಕಿಗೂ ಮೇಲಿನ ಹೆಡ್ಡಿಗೂ ನಡುವಿನ ಸೀಲು) ಅನುಮಾನ. ತಣ್ಣಗಿನ ಗಾಡಿಯಲ್ಲಿ ಕ್ಯಾಪ್ ತೆರೆದು ಸ್ಟಾರ್ಟ್ ಮಾಡಿ, ಎಕ್ಸಿಲರೇಟರ್ ಕೊಟ್ಟಾಗ ಗುಳ್ಳೆ ನಿಲ್ಲದೆ ಏಳುತ್ತಿದ್ದರೆ, ಅಥವಾ ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗಿದ್ದರೆ ಗಾಡಿ ಓಡಿಸಬೇಡಿ. ಇದು ಗರಾಜಿನ ಕೆಲಸ. ಅಲ್ಲಿ ಎರಡು ವಿಷಯಕ್ಕೆ ಹಟ ಹಿಡಿಯಿರಿ: ಹೆಡ್ ಸಮತಟ್ಟಾಗಿದೆಯೇ ಪಟ್ಟಿಯಿಟ್ಟು ನೋಡಬೇಕು, ಬೋಲ್ಟನ್ನು ಟಾರ್ಕ್ ಪಾನಾದಿಂದಲೇ ಬಿಗಿಯಬೇಕು. ಕೈಯಂದಾಜಿನಲ್ಲಿ ಬಿಗಿದ ಹೆಡ್ ಮುಂದಿನ ಬೇಸಿಗೆಗೆ ಮತ್ತೆ ಬಿಚ್ಚಬೇಕಾಗುತ್ತದೆ.

ಏರ್ ಫಿಲ್ಟರ್ ಮತ್ತು ಹೊಗೆ

ಕಪ್ಪು ಹೊಗೆ ಬಂದರೆ ಗಾಳಿ ಸಾಲುತ್ತಿಲ್ಲ ಅಥವಾ ಡೀಸೆಲ್ ಹೆಚ್ಚು ಬೀಳುತ್ತಿದೆ. ನೀಲಿಯಾದರೆ ಆಯಿಲ್ ಸುಡುತ್ತಿದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಸ್ವಲ್ಪ ಬಿಳಿ ಹೊಗೆ ಬಂದು ನಿಂತರೆ ಚಿಂತೆಯಿಲ್ಲ. ನಿಲ್ಲದೆ ಬರುತ್ತಿದ್ದರೆ ಡೀಸೆಲ್ ಪೂರ್ತಿ ಸುಡುತ್ತಿಲ್ಲ, ಇಲ್ಲವೇ ನೀರು ಒಳಗೆ ಸೇರುತ್ತಿದೆ.

ಕಪ್ಪು ಹೊಗೆ ಕಂಡೊಡನೆ ಪಂಪ್ ಬಿಚ್ಚಿಸಬೇಡಿ, ಏರ್ ಫಿಲ್ಟರ್ ತೆಗೆಯಿರಿ. ಪರ್ಸಿ ಖಣಿ, ಸಿಮೆಂಟ್ ಕಾರ್ಖಾನೆ, ದಾಲ್ ಮಿಲ್ ಕಡೆ ಓಡುವ ಗಾಡಿಗೆ ಕಂಪನಿ ಪುಸ್ತಕದ ಕಿಲೋಮೀಟರ್ ಲೆಕ್ಕ ಹಿಡಿದರೆ ಆಗದು, ವಾರಕ್ಕೊಮ್ಮೆ ಬಿಚ್ಚಿ ನೋಡಲೇಬೇಕು. ಕಾಗದದ ಫಿಲ್ಟರನ್ನು ಗಾಲಿಗೆ ಬಡಿದು ಧೂಳು ಉದುರಿಸಿದರೆ ಅಂಚು ಸೊಟ್ಟಾಗಿ ಮುಂದೆ ಧೂಳು ಬದಿಯಿಂದ ನುಸುಳುತ್ತದೆ. ಗಾಳಿ ಒಳಗಿನಿಂದ ಹೊರಕ್ಕೆ ಹೊಡೆಯಿರಿ, 30 ಪಿಎಸ್‌ಐ ಮೀರದಂತೆ. ಆಮೇಲೆ ಒಳಗೆ ಟಾರ್ಚ್ ಇಳಿಸಿ ಹೊರಗಿನಿಂದ ನೋಡಿ. ಚುಕ್ಕೆ ಚುಕ್ಕೆ ಬೆಳಕು ಬಂದರೆ ತೂತಾಗಿದೆ, ಎಸೆಯಿರಿ.

ಇನ್ನೊಂದು ಚೆಕ್ ಬಹಳ ಜನ ಮಾಡುವುದಿಲ್ಲ. ಫಿಲ್ಟರಿನಿಂದ ಇಂಜಿನ್ ಕಡೆ ಹೋಗುವ ರಬ್ಬರ್ ಪೈಪ್ ಬಿಚ್ಚಿ ಒಳಗೆ ಬೆರಳಾಡಿಸಿ. ಬೆರಳಿಗೆ ನುಣ್ಣನೆಯ ಧೂಳು ಹತ್ತಿದರೆ ಫಿಲ್ಟರ್ ಎಷ್ಟು ಹೊಸದಾಗಿದ್ದರೂ ಪ್ರಯೋಜನವಿಲ್ಲ, ಪೈಪ್ ಬಿರಿದಿದೆ ಅಥವಾ ಕ್ಲಿಪ್ ಸಡಿಲಾಗಿದೆ. ಆ ಧೂಳು ಪಿಸ್ಟನ್ ರಿಂಗನ್ನು ಸವೆಸುತ್ತದೆ. ನೀಲಿ ಹೊಗೆಯ ಬೀಜ ಅಲ್ಲೇ ಬೀಳುವುದು.

ಬ್ರೇಕ್

ಪೆಡಲ್ ಮೆತ್ತಗೆ, ಎರಡು ಮೂರು ಸಲ ತುಳಿದರೆ ಗಟ್ಟಿ ಎಂದಾದರೆ ಲೈನಿನಲ್ಲಿ ಗಾಳಿಯಿದೆ, ಇಲ್ಲವೇ ಹಿಂದಿನ ಡ್ರಮ್ಮಿನ ಲೈನರ್ ಸವೆದು ಅಂತರ ಹೆಚ್ಚಿದೆ. ಗಟ್ಟಿಯಾಗಿ ತುಳಿದು ಹಿಡಿದಾಗ ಪೆಡಲ್ ನಿಧಾನ ಇಳಿಯುತ್ತ ಹೋದರೆ, ಹೊರಗೆ ಎಲ್ಲೂ ಸೋರಿಕೆ ಇಲ್ಲದಿದ್ದರೆ, ಮಾಸ್ಟರ್ ಸಿಲಿಂಡರ್ (ಪೆಡಲ್ ತುಳಿದಾಗ ಬ್ರೇಕ್ ಆಯಿಲನ್ನು ಗಾಲಿಗೆ ತಳ್ಳುವ ಭಾಗ) ಒಳಗಿನ ರಬ್ಬರ್ ಹೋಗಿದೆ. ಪೆಡಲ್ ಕಲ್ಲಿನಷ್ಟು ಗಟ್ಟಿ, ಗಾಡಿ ಮಾತ್ರ ನಿಲ್ಲುವುದಿಲ್ಲ ಎಂದರೆ ಬೂಸ್ಟರ್ (ಪೆಡಲಿನ ಒತ್ತನ್ನು ಹೆಚ್ಚಿಸುವ ಭಾಗ) ನೋಡಿ: ಇಂಜಿನ್ ಬಂದ್ ಇಟ್ಟು ಐದಾರು ಸಲ ತುಳಿದು, ಒತ್ತಿ ಹಿಡಿದೇ ಸ್ಟಾರ್ಟ್ ಮಾಡಿ. ಪೆಡಲ್ ಸ್ವಲ್ಪ ಕೆಳಗಿಳಿಯಬೇಕು. ಇಳಿಯದಿದ್ದರೆ ವ್ಯಾಕ್ಯೂಮ್ ಪೈಪ್ ಮೊದಲು, ಆಮೇಲೆ ವ್ಯಾಕ್ಯೂಮ್ ಪಂಪ್, ಕೊನೆಗೆ ಬೂಸ್ಟರ್.

ಗಾಳಿ ಬಿಡಿಸುವುದಕ್ಕೆ ಇಬ್ಬರು ಬೇಕು. ಸಾಮಾನ್ಯವಾಗಿ ಮಾಸ್ಟರ್ ಸಿಲಿಂಡರಿಗೆ ಎಲ್ಲಕ್ಕಿಂತ ದೂರದ ಹಿಂದಿನ ಎಡಗಾಲಿಯಿಂದ ಶುರು, ಆಮೇಲೆ ಹಿಂದಿನ ಬಲ, ಮುಂದಿನ ಎಡ, ಮುಂದಿನ ಬಲ. ಒಬ್ಬರು ತುಳಿದು ಹಿಡಿಯಬೇಕು, ಇನ್ನೊಬ್ಬರು ನಿಪ್ಪಲ್ ಸಡಿಲಿಸಿ ಮತ್ತೆ ಬಿಗಿಯಬೇಕು, ಬಿಗಿದ ಮೇಲಷ್ಟೇ ಕಾಲು ಎತ್ತಬೇಕು. ನಡುನಡುವೆ ಡಬ್ಬಿಯ ಆಯಿಲ್ ಮಟ್ಟ ನೋಡುತ್ತಿರಿ. ಡಬ್ಬಿಯ ಮುಚ್ಚಳದ ಮೇಲೆ ಡಾಟ್ 3 ಅಥವಾ ಡಾಟ್ 4 ಎಂದಿರುತ್ತದೆ, ಅದನ್ನೇ ಹಾಕಿ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುವುದರಿಂದ ಎರಡು ವರ್ಷಕ್ಕೊಮ್ಮೆ ಬದಲಿಸುವುದು ಒಳ್ಳೆಯದು, ತೆರೆದಿಟ್ಟ ಹಳೆ ಬಾಟಲಿ ಬೇಡ. ತುರ್ತಿಗೆಂದು ಇಂಜಿನ್ ಆಯಿಲ್ ಹಾಕಿದರೆ ಒಳಗಿನ ರಬ್ಬರೆಲ್ಲ ಉಬ್ಬಿ ಪೂರ್ತಿ ಬ್ರೇಕನ್ನೇ ಹೊಸದಾಗಿ ಕಟ್ಟಿಸಬೇಕಾಗುತ್ತದೆ.

ಪಾಟಾ, ಕ್ರಾಸ್, ಕ್ಲಚ್

ಗಾಡಿ ಒಂದು ಮಗ್ಗುಲಿಗೆ ವಾಲಿದೆ ಎನಿಸಿದರೆ ಖಾಲಿ ಗಾಡಿಯನ್ನು ಸಮ ನೆಲದ ಮೇಲೆ ನಿಲ್ಲಿಸಿ, ಗಾಲಿಯ ನಡುವಿನಿಂದ ಮೇಲಿನ ಬಾಡಿಯ ಅಂಚಿನವರೆಗೆ ಎರಡೂ ಕಡೆ ಟೇಪ್ ಹಿಡಿಯಿರಿ. ವ್ಯತ್ಯಾಸ ಎದ್ದು ಕಂಡರೆ ಪಾಟಾದ (ಪದರು ಪದರಾದ ಸ್ಪ್ರಿಂಗಿನ) ಎಲೆ ಮುರಿದಿರಬಹುದು. ಮುರಿದ ಜಾಗದಲ್ಲಿ ಹೊಸ ತುಕ್ಕಿನ ಕೆಂಪು ಗೆರೆ ಕಾಣುತ್ತದೆ. ಹಿಂದಿನ ಗಾಲಿ ಒಂದು ಕಡೆ ಸ್ವಲ್ಪ ಹಿಂದಕ್ಕೆ ಸರಿದಂತಿದ್ದರೆ ಸೆಂಟರ್ ಬೋಲ್ಟ್ ತುಂಡಾಗಿದೆ, ಆ ಗಾಡಿಗೆ ಲೋಡ್ ಹಾಕಬೇಡಿ. ಹೊಸ ಪಾಟಾ ಹಾಕಿಸಿದ ಮೇಲೆ ಒಂದೆರಡು ಲೋಡ್ ಹೊಡೆದು ಯು-ಬೋಲ್ಟ್ ಮತ್ತೆ ಬಿಗಿಸಲೇಬೇಕು. ಜಾಸ್ತಿ ಚೀಲ ಹೊರಲೆಂದು ಎಲೆ ಏರಿಸುವವರಿಗೆ ಒಂದು ಕಿವಿಮಾತು: ಪಾಟಾ ಹೊತ್ತರೂ ಆಕ್ಸಲ್ ಹೌಸಿಂಗ್, ಬೇರಿಂಗ್, ಬ್ರೇಕ್, ಟೈರ್ ಹಳೆಯವೇ.

ಗೇರ್ ಹಾಕಿ ಕ್ಲಚ್ ಬಿಡುವಾಗ ಕೆಳಗಿನಿಂದ ಟಣ್ ಎಂದರೆ ಪ್ರೊಪೆಲ್ಲರ್ ಶಾಫ್ಟಿನ (ಹಿಂದಿನ ಗಾಲಿಗಳಿಗೆ ಶಕ್ತಿ ಒಯ್ಯುವ ದಂಡದ) ಕ್ರಾಸ್ ಜಾಯಿಂಟ್. ಗಾಲಿಗೆ ಕಟ್ಟಿಗೆ ಕೊಟ್ಟು, ನ್ಯೂಟ್ರಲ್‌ನಲ್ಲಿಟ್ಟು ಶಾಫ್ಟನ್ನು ಕೈಯಿಂದ ಅತ್ತಿತ್ತ ತಿರುವಿ ನೋಡಿ, ಕ್ರಾಸಿನಲ್ಲೇ ಆಟ ಕಂಡರೆ ಬದಲಿಸಿ. ಗ್ರೀಸ್ ನಿಪ್ಪಲ್ ಇದ್ದರೆ ಹಳೆ ಗ್ರೀಸ್ ನಾಲ್ಕೂ ಕಡೆಯಿಂದ ಹೊರಬರುವವರೆಗೆ ಹೊಡೆಯಬೇಕು.

ಕ್ಲಚ್ ಸ್ಲಿಪ್ ಅನುಮಾನವಿದ್ದರೆ ಹ್ಯಾಂಡ್ ಬ್ರೇಕ್ ಎಳೆದು, ಮುಂದೆ ಜನರಿಲ್ಲದಂತೆ ನೋಡಿಕೊಂಡು, ನಾಲ್ಕನೇ ಗೇರಿನಲ್ಲಿ ನಿಧಾನ ಕ್ಲಚ್ ಬಿಡಿ. ಇಂಜಿನ್ ಬಂದ್ ಬಿದ್ದರೆ ಕ್ಲಚ್ ಚೆನ್ನಾಗಿದೆ. ಬೀಳದೆ ಓಡುತ್ತಲೇ ಇದ್ದರೆ ಪ್ಲೇಟ್ ಮುಗಿದಿದೆ.

ಫಿಟ್‌ನೆಸ್‌ಗೆ ಒಯ್ಯುವ ಮುನ್ನ

ಎಂಟು ವರ್ಷ ದಾಟಿದ ಸರಕು ಗಾಡಿಗೆ ಫಿಟ್‌ನೆಸ್ (ಗಾಡಿ ಓಡಿಸಲು ಯೋಗ್ಯ ಎಂಬ ಸರಕಾರಿ ಪತ್ರ) ಪ್ರತಿ ವರ್ಷ. ತೊಗರಿ ಬರುವುದು ಡಿಸೆಂಬರ್-ಜನವರಿಯಲ್ಲಿ, ಆಗ ಗಾಡಿ ಬಿಡುವು ಕೊಡುವುದಿಲ್ಲ. ದಿನಾಂಕ ಆ ತಿಂಗಳಲ್ಲೇ ಬೀಳುತ್ತಿದ್ದರೆ ರಿಪೇರಿಯನ್ನು ದೀಪಾವಳಿಗೆ ಮೊದಲೇ ಮುಗಿಸಿಕೊಳ್ಳಿ. ಹಿಂದಿನ ದಿನ ಬ್ರೇಕ್ ಲೈಟ್, ಇಂಡಿಕೇಟರ್, ಹಾರ್ನ್, ವೈಪರ್, ರಿಫ್ಲೆಕ್ಟರ್ ಪಟ್ಟಿ ಒಮ್ಮೆ ನೋಡಿ. ಟೈರಿನ ಪಕ್ಕೆಯ ಮೇಲಿನ ನಾಲ್ಕಂಕಿಯನ್ನೂ ಓದಿ: 2319 ಎಂದಿದ್ದರೆ 2019ರ 23ನೇ ವಾರದ್ದು. ಗುಂಡಿ ಎಷ್ಟೇ ಆಳ ಉಳಿದಿದ್ದರೂ ಪಕ್ಕೆಯಲ್ಲಿ ಸಣ್ಣ ಬಿರುಕು ಬಿಟ್ಟ ಅಂಥ ಟೈರನ್ನು ಮುಂದಿನ ಗಾಲಿಗೆ ಹಾಕಬೇಡಿ.